ಹಿಂದಿನ ಅಚ್ಚಿಗೊಂದು ಬಿರಡೆ

ಸವಣೂರಿನ ತೋಟಗಳಿಂದ ವೀಳ್ಯದೆಲೆಯ ಕಟ್ಟುಗಳನ್ನು ಹೊತ್ತು ಹುಬ್ಬಳ್ಳಿಯ ಕಡೆಗೂ, ಸುಗ್ಗಿ ಬಂದಾಗ ಮೆಣಸಿನಕಾಯಿಯ ಚೀಲಗಳನ್ನು ಹೊತ್ತು ಬ್ಯಾಡಗಿಯ ಪೇಟೆಗೂ ಓಡಾಡುವ ಲಾರಿಗಳ ವಿಷಯದಲ್ಲಿ ನಮ್ಮ ಜನ ಆಡುವ ಮಾತೆಲ್ಲ ಬಹುಮಟ್ಟಿಗೆ ಎಂಜಿನ್ನಿಗೂ ಟೈರುಗಳಿಗೂ ಸಂಬಂಧಿಸಿದುದಾಗಿದ್ದು, ಹಿಂದಿನ ಗಾಲಿಗಳ ನಡುವೆ ಕೆಸರು ಮೆತ್ತಿಕೊಂಡು, ಯಾರ ದೃಷ್ಟಿಗೂ ಬೀಳದೆ, ಇಡೀ ಹೇರನ್ನು ಮುಂದಕ್ಕೆ ನೂಕುವ ಆ ದುಂಡು ಕಬ್ಬಿಣದ ಗರ್ಭದ, ಎಂದರೆ ಡಿಫರೆನ್ಷಿಯಲ್ಲಿನ, ಪ್ರಸ್ತಾಪವನ್ನು ಎತ್ತುವವರು ವಿರಳ. ಅದನ್ನೇ ವಿಷಯವಾಗಿಟ್ಟುಕೊಂಡು, ಗಣಿತ ಕಲಿಸಿ ನಿವೃತ್ತರಾದ ಮಾಸ್ತರರೊಬ್ಬರಿಗೂ ಅವರ ಲಾರಿಯನ್ನು ನೋಡಿಕೊಳ್ಳುವ ಮಿಸ್ತ್ರಿಯೊಬ್ಬರಿಗೂ ಗ್ಯಾರೇಜಿನ ಹೊಂಡದ ಬದಿಯಲ್ಲಿ ನಡೆದ ಸಂವಾದವನ್ನು ಕೆಳಗೆ ಕೊಟ್ಟಿದ್ದೇನೆ. ಲಾರಿಯು ಮಾಸ್ತರರ ಅಣ್ಣನವರು ಸರಕಾರಿ ಹರಾಜಿನಲ್ಲಿ ಕೊಂಡು ತಮ್ಮನ ಪಾಲಿಗೆ ಬಿಟ್ಟುಹೋದುದು; ಅದರ ಡಿಫರೆನ್ಷಿಯಲ್ಲಿಗೆ ಎಣ್ಣೆ ಹಾಕುವ ರಂಧ್ರವುಂಟು, ಬಿಡುವ ರಂಧ್ರವಿಲ್ಲ. ಮಾತಿನಲ್ಲಿದ್ದ ಸವಣೂರಿನ ಬಿರುಸು ಬರೆಹಕ್ಕೆ ಇಳಿಯುವಾಗ ಬಹಳಷ್ಟು ಸೋರಿಹೋಗಿದೆ. ಓದುಗರು ಅದನ್ನು ತಾವೇ ತುಂಬಿಕೊಳ್ಳಬೇಕು.

ಮಾಸ್ತರರು: ಮಿಸ್ತ್ರಿಗಳೇ, ನಾನು ಲಾರಿಯನ್ನು ತಂದುದು ಎಣ್ಣೆ ಬದಲಾಯಿಸುವುದಕ್ಕೆ, ನೀವು ನೋಡಿದರೆ ಗಟ್ಟಿಮುಟ್ಟಾದ ಕಬ್ಬಿಣಕ್ಕೆ ತೂತು ಕೊರೆಯುವ ಮಾತನ್ನಾಡುತ್ತೀರಿ. ಇಷ್ಟು ವರ್ಷ ತೂತಿಲ್ಲದೆ ನಡೆದ ಗಾಡಿಗೆ ಈಗ ತೂತು ಬೇಕೆಂಬುದು ಎಲ್ಲಿಯ ನ್ಯಾಯ?

ಮಿಸ್ತ್ರಿ: ನಡೆದದ್ದೇನೋ ದಿಟ ಮಾಸ್ತರೇ, ಹೇಗೆ ನಡೆಯಿತೆಂದು ಮಾತ್ರ ಯಾರೂ ಕೇಳಲಿಲ್ಲ. ಇದರೊಳಗಿನ ಎಣ್ಣೆಯನ್ನು ಹಿಂದೆ ಯಾವಾಗ ಬದಲಾಯಿಸಿದಿರಿ, ನೆನಪಿದೆಯೇ?

ಮಾಸ್ತರರು: ಎಂಜಿನ್ನಿನದಾದರೆ ತಾರೀಖು ಸಹಿತವಾಗಿ ವಹಿಯಲ್ಲಿ ಬರೆದಿಟ್ಟಿದ್ದೇನೆ. ಇದರದು, ಕಡಿಮೆಯಾದಾಗ ಮೇಲಿನಿಂದ ತುಂಬಿಸಿದ್ದುಂಟು, ಬದಲಾಯಿಸಿದ ನೆನಪಿಲ್ಲ.

ಮಿಸ್ತ್ರಿ: ನನ್ನ ಮಾತೂ ಅದೇ. ಎಂಜಿನ್ನಿನ ಎಣ್ಣೆಯನ್ನು ಕಾಲಕಾಲಕ್ಕೆ ಬದಲಾಯಿಸಿದಿರಿ, ಏಕೆಂದರೆ ಅದರ ತಳದಲ್ಲೊಂದು ಬೋಲ್ಟು ಇದೆ. ಡ್ರೈವರನು ಪಾನ ಹಾಕಿ ತಿರುಗಿಸಿ, ಕೆಳಗೆ ಡಬ್ಬಿಯನ್ನಿಟ್ಟು, ಚಹ ಕುಡಿದು ಬರುವುದರೊಳಗೆ ಕೆಲಸ ಮುಗಿದಿರುತ್ತದೆ. ಇದಕ್ಕಾದರೋ, ಹಿಂಬದಿಯ ಮುಚ್ಚಳದ ಬೋಲ್ಟುಗಳನ್ನೆಲ್ಲ ಬಿಚ್ಚಬೇಕು. ಬಿಚ್ಚುವಾಗ ಎಣ್ಣೆ ಒಂದೇ ಕಡೆಯಿಂದ ಬೀಳದೆ ಮುಚ್ಚಳದ ಸುತ್ತಲಿಂದಲೂ ಸುರಿದು ಮೊಣಕೈಯಿಂದ ಎದೆಯವರೆಗೆ ಸ್ನಾನವಾಗುತ್ತದೆ. ಹಳೆಯ ಪ್ಯಾಕಿಂಗನ್ನು ಗೀರು ಬೀಳದಂತೆ ಕೆರೆದು ತೆಗೆದು, ಹೊಸದನ್ನು ಕತ್ತರಿಸಿ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸಮನಾಗಿ ಬಿಗಿದು, ಆಮೇಲೆ ಎಲ್ಲಿ ಸೋರುವುದೋ ಎಂದು ಎರಡು ದಿನ ಕಾಯಬೇಕು. ಈ ಮುಚ್ಚಳವೂ ಇಲ್ಲದೆ, ಹಿಂಬದಿಯನ್ನು ವೆಲ್ಡಿಂಗಿನಿಂದ ಮುಚ್ಚಿಬಿಟ್ಟ ಅಚ್ಚುಗಳೂ ಉಂಟು. ಅವುಗಳಲ್ಲಿ ತಳದ ಬೋಲ್ಟಿಲ್ಲದಿದ್ದರೆ ಎರಡೂ ಕಡೆಯ ಶಾಫ್ಟುಗಳನ್ನು ಎಳೆದು, ಮುಂದಿನಿಂದ ಹಲ್ಲುಚಕ್ರಗಳ ಇಡೀ ಗುಂಪನ್ನೇ ಇಳಿಸಬೇಕಾಗುತ್ತದೆ.

ಮಾಸ್ತರರು: ಕಷ್ಟವೆಂದು ಕರ್ತವ್ಯವನ್ನು ಬಿಡುವವನು ಸುಲಭವಾದಾಗಲೂ ಬಿಟ್ಟಾನು. ನಾನು ಮೂವತ್ತು ವರ್ಷ ಮಕ್ಕಳಿಗೆ ಭಾಗಾಕಾರವನ್ನು ಕಲಿಸಿದವನು. ದೀರ್ಘ ಭಾಗಾಕಾರವನ್ನು ಮಾಡದೆ ಉತ್ತರವನ್ನು ಮಾತ್ರ ಬಯಸುವವರನ್ನು ಬೇಕಾದಷ್ಟು ಕಂಡಿದ್ದೇನೆ.

ಮಿಸ್ತ್ರಿ: ಸ್ವಾಮೀ, ನಿಮ್ಮ ಡ್ರೈವರನು ಸೋಮಾರಿಯಲ್ಲ. ಎಲೆಯು ಬಾಡುವುದರೊಳಗೆ ಮಾರುಕಟ್ಟೆಯನ್ನು ಮುಟ್ಟಿಸಬೇಕಾದವನಿಗೆ ಅರ್ಧ ದಿನವೆಂದರೆ ಒಂದು ಬಾಡಿಗೆಯೇ ಹೋಯಿತು. ನಮ್ಮ ಎತ್ತಿನ ಬಂಡಿಯನ್ನು ಕಟ್ಟಿದ ಬಡಿಗನಿಗೆ ಈ ವಿವೇಕವಿತ್ತು. ಅವನು ಗಾಲಿಯನ್ನು ಅಚ್ಚಿನ ತುದಿಗೆ ಏರಿಸಿ, ಕಡಾಣಿಯೊಂದನ್ನು ಬಡಿದು ನಿಲ್ಲಿಸಿದನಲ್ಲದೆ ಶಾಶ್ವತವಾಗಿ ಬೆಸೆದುಬಿಡಲಿಲ್ಲ. ಬಂಡಿಕಾರನು ದಾರಿಯ ನಡುವೆಯೇ ಕಡಾಣಿಯನ್ನು ಕಿತ್ತು, ಗಾಲಿಯನ್ನು ನಾಲ್ಕು ಬೆರಳು ಹೊರಕ್ಕೆ ಸರಿಸಿ, ಬಂಡಿಯ ಅಡಿಗೆ ತೂಗಹಾಕಿದ ಗೊಟ್ಟದಿಂದ ಕೀಲೆಣ್ಣೆಯನ್ನು ಸವರಿ ಮುಂದಕ್ಕೆ ಹೊರಡುತ್ತಿದ್ದ. ಸವರುವವನು ಬಡಿಗನಲ್ಲ, ಬಂಡಿ ಹೊಡೆಯುವವನು ಎಂಬುದು ಕಟ್ಟುವಾಗಲೇ ಅವನಿಗೆ ಗೊತ್ತಿತ್ತು.

ಮಾಸ್ತರರು: ಬಂಡಿಯ ಮಾತನ್ನು ಎತ್ತಿದಿರಾಗಿ ಹೇಳುತ್ತೇನೆ: ಬಂಡಿಗೆ ಈ ಡಿಫರೆನ್ಷಿಯಲ್ಲಿನ ಉಪದ್ರವವೇ ಇರಲಿಲ್ಲ. ಅದರ ಎರಡು ಗಾಲಿಗಳೂ ನಿಶ್ಚಲವಾದ ಅಚ್ಚಿನ ಎರಡು ತುದಿಗಳಲ್ಲಿ ತಮ್ಮ ತಮ್ಮ ಪಾಡಿಗೆ ತಿರುಗುವಂಥವು. ತಿರುವಿನಲ್ಲಿ ಒಂದು ಹೆಚ್ಚು, ಒಂದು ಕಡಿಮೆ ಉರುಳಿದರೆ ಕೇಳುವವರಿಲ್ಲ. ಎಂಜಿನ್ನು ಬಂದು ಎರಡನ್ನೂ ತಾನೇ ತಿರುಗಿಸಹೊರಟಾಗ ಸಂಕಟವು ಹುಟ್ಟಿತು. ಹಿಂದಿನ ಗಾಲಿಗಳ ನಡುವಣ ಅಂತರವು 1.8 ಮೀಟರ್ ಎಂದಿಟ್ಟುಕೊಳ್ಳಿ. ಲಾರಿಯು ಒಂದು ಪೂರ್ಣ ಸುತ್ತು ತಿರುಗಿದರೆ ಹೊರಗಿನ ಗಾಲಿಯು ಒಳಗಿನದಕ್ಕಿಂತ ಸುಮಾರು 11.3 ಮೀಟರ್ ಹೆಚ್ಚು ದೂರ ಉರುಳಿರಬೇಕು. ಇದರಲ್ಲಿ ಸ್ವಾರಸ್ಯವೇನೆಂದರೆ, ಸುತ್ತು ಕೆರೆಯಷ್ಟು ವಿಶಾಲವಾಗಿದ್ದರೂ ಅಷ್ಟೇ, ಕಣದಷ್ಟು ಇಕ್ಕಟ್ಟಾಗಿದ್ದರೂ ಅಷ್ಟೇ. ಅಂತರವನ್ನು ನಿಶ್ಚಯಿಸುವುದು ಗಾಲಿಗಳ ನಡುವಣ ಅಗಲವೇ ಹೊರತು ತಿರುವಿನ ತ್ರಿಜ್ಯವಲ್ಲ. ಬ್ಯಾಡಗಿಯ ಪೇಟೆಯ ಮುಂದೆ ನಮ್ಮ ಡ್ರೈವರನು ಲಾರಿಯನ್ನು ಬಂದ ದಿಕ್ಕಿಗೇ ಹೊರಳಿಸಿದಾಗಲೆಲ್ಲ ಒಂದು ಗಾಲಿಯು ಇನ್ನೊಂದಕ್ಕಿಂತ ಐದೂವರೆ ಮೀಟರಿಗೂ ಹೆಚ್ಚು ನಡೆದಿರುತ್ತದೆ. ಒಂದೇ ಕಂಬಿಗೆ ಎರಡನ್ನೂ ಬಿಗಿದಿದ್ದರೆ ಟೈರು ಸವೆದು ಅಚ್ಚು ಮುರಿಯುತ್ತಿತ್ತು. ಫ್ರಾನ್ಸಿನಲ್ಲಿ ಪೆಕ್ಯೂರ್ ಎಂಬ ಗಡಿಯಾರದ ಕುಶಲಿಯು 1820ರ ದಶಕದ ಕೊನೆಗೆ ಉಗಿಬಂಡಿಗಾಗಿ ಈ ಹಲ್ಲುಚಕ್ರಗಳ ಕೂಟವನ್ನು ಯೋಜಿಸಿದನು. ಇಂದಿನ ಲಾರಿಗಳ ಒಳಗಿರುವುದು ಮೂಲತಃ ಅದೇ.

ಮಿಸ್ತ್ರಿ: ಲೆಕ್ಕ ಬಹಳ ಚೆಂದ ಮಾಸ್ತರೇ, ಇಷ್ಟು ವರ್ಷ ಬಿಚ್ಚಿ ಜೋಡಿಸಿದರೂ ತಿರುವಿನ ಅಗಲಕ್ಕೆ ಸಂಬಂಧವಿಲ್ಲವೆಂಬುದು ನನಗೆ ಹೊಳೆದಿರಲಿಲ್ಲ. ಆದರೆ ಆ ಲೆಕ್ಕವನ್ನು ನಡೆಸಿಕೊಡುವ ಹಲ್ಲುಗಳು ಎಣ್ಣೆಯನ್ನು ನಂಬಿಕೊಂಡಿವೆ. ಅದರಲ್ಲಿಯೂ ಈ ಗಾಡಿಯಲ್ಲಿ ಎಂಜಿನ್ನಿನ ಕಡೆಯಿಂದ ಬರುವ ಶಾಫ್ಟಿನ ತುದಿಯ ಚಿಕ್ಕ ಹಲ್ಲುಚಕ್ರ, ಎಂದರೆ ಪಿನಿಯನ್ನು, ಅದು ತಿರುಗಿಸುವ ದೊಡ್ಡ ಕ್ರೌನ್ ಚಕ್ರದ ನಡುವಿಗೆ ನೇರವಾಗಿರದೆ ಅದಕ್ಕಿಂತ ಕೆಳಗಿದೆ. ನೀವೇ ಬಗ್ಗಿ ನೋಡಬಹುದು.

ಮಾಸ್ತರರು: ಹೈಪಾಯ್ಡ್ ಎಂದು ಅದಕ್ಕೆ ಹೆಸರು. ಅಮೆರಿಕದ ಗ್ಲೀಸನ್ ಕಾರ್ಖಾನೆಯವರು ರೂಪಿಸಿದ ಆ ಹಲ್ಲನ್ನು ಪ್ಯಾಕಾರ್ಡ್ ಮೋಟಾರಿನವರು 1926ರಲ್ಲಿ ತಮ್ಮ ಕಾರುಗಳಿಗೆ ಅಳವಡಿಸಿದರು. ಉದ್ದನೆಯ ಶಾಫ್ಟು ತಗ್ಗಿದರೆ ಕಾರಿನ ನೆಲವನ್ನೂ ತಗ್ಗಿಸಬಹುದೆಂಬುದು ಉದ್ದೇಶ.

ಮಿಸ್ತ್ರಿ: ನೆಲ ತಗ್ಗಿತು, ಎಣ್ಣೆಯ ಪಾಡು ಹೆಚ್ಚಿತು. ನಡುವಿಗೆ ನೇರವಾದ ಹಲ್ಲುಗಳು ಒಂದರ ಮೇಲೊಂದು ಬಹುಮಟ್ಟಿಗೆ ಉರುಳಿಕೊಂಡು ಹೋಗುತ್ತಿದ್ದವು. ಕೆಳಗಿಳಿದ ಪಿನಿಯನ್ನಿನ ಹಲ್ಲು ಕ್ರೌನಿನ ಹಲ್ಲಿನ ಮೇಲೆ ಉರುಳುವುದಲ್ಲದೆ ಉದ್ದಕ್ಕೂ ಉಜ್ಜಿಕೊಂಡು ಜಾರುತ್ತದೆ. ಆ ಒತ್ತಡದಲ್ಲಿ ಬರಿಯ ಎಣ್ಣೆಯ ಪದರ ನಿಲ್ಲುವುದಿಲ್ಲವೆಂದು ಗಂಧಕ, ರಂಜಕಗಳ ದ್ರವ್ಯಗಳನ್ನು ಬೆರೆಸುತ್ತಾರೆ. ಹಲ್ಲು ಕಾದ ಜಾಗದಲ್ಲಿ ಅವು ಉಕ್ಕಿನೊಡನೆ ಕೂಡಿ ತೆಳುವಾದ ಪೊರೆಯೊಂದನ್ನು ಕಟ್ಟುತ್ತವೆ. ಮುಚ್ಚಳವನ್ನು ತೆಗೆದಾಗ ಮೂಗಿಗೆ ಬಡಿಯುವ ನಾತ ಆ ಗಂಧಕದ್ದೇ. ಡಬ್ಬಿಯ ಮೇಲೆ ಜಿಎಲ್-5 ಎಂದು ಬರೆದಿರುವುದು ಇಂಥ ಹಲ್ಲಿಗೆ ತಕ್ಕ ಎಣ್ಣೆ. ಅದನ್ನೇ ಕಂಡಕಂಡ ಗೇರುಬಾಕ್ಸಿಗೆಲ್ಲ ಸುರಿದರೆ ಒಳಗಿನ ಹಿತ್ತಾಳೆಯ ಬಳೆಗಳನ್ನು ಅದು ತಿಂದೀತು. ಅದು ಬೇರೆ ಮಾತು. ಹೇಳಬೇಕಾದುದೇನೆಂದರೆ, ಆ ದ್ರವ್ಯಗಳು ಕೆಲಸ ಮಾಡುತ್ತ ಮಾಡುತ್ತ ತೀರಿಹೋಗುವಂಥವು. ನೀವು ಮೇಲಿನಿಂದ ತುಂಬಿಸಿದ ಸ್ವಲ್ಪ ಹೊಸ ಎಣ್ಣೆಯು ಮಟ್ಟವನ್ನು ಸರಿಪಡಿಸಿತು, ಬಲವನ್ನು ಸರಿಪಡಿಸಲಿಲ್ಲ.

ಮಾಸ್ತರರು: ಹಾಗಾದರೆ ಪಂಪಿನಿಂದ ಮೇಲಿನ ರಂಧ್ರದ ಮೂಲಕವೇ ಹೀರಿ ತೆಗೆಯಬಹುದಲ್ಲ? ತೂತಿನ ಪ್ರಶ್ನೆಯೇ ಉದ್ಭವಿಸದು.

ಮಿಸ್ತ್ರಿ: ಹೀರಬಹುದು, ಹೀರುವವರೂ ಉಂಟು. ಆದರೆ ಹಲ್ಲು ಸವೆದು ಉದುರಿದ ಉಕ್ಕಿನ ಪುಡಿಯೂ ಎಣ್ಣೆ ಸುಟ್ಟ ಜಿಗುಟೂ ಎಲ್ಲಿ ಸೇರುತ್ತವೆ? ತಳದಲ್ಲಿ. ಪಂಪಿನ ಕೊಳವೆ ಮುಟ್ಟದೆ ಉಳಿಯುವುದು ಎಲ್ಲಿ? ಅದೇ ತಳದಲ್ಲಿ. ಮೇಲಿನ ತಿಳಿಯನ್ನು ತೆಗೆದು ಚೆಲ್ಲಿ, ಕೆಳಗಿನ ಬಗ್ಗಡವನ್ನು ಹೊಸ ಎಣ್ಣೆಗೆ ಬಳುವಳಿಯಾಗಿ ಕೊಟ್ಟಂತಾಯಿತು. ಇನ್ನು ನೀರಿನ ಮಾತು. ಹೇರು ಎಳೆದು ಕಾದ ಅಚ್ಚು ವರದಾ ನದಿಯ ಕಡೆಯ ಹಳ್ಳದ ತಣ್ಣೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿನಿಂದಲೋ ಗಾಳಿಯಾಡಲೆಂದು ಇಟ್ಟ ಬ್ರೀದರಿನಿಂದಲೋ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆಮೇಲೆ ಎಣ್ಣೆ ಬೆಳ್ಳಗೆ ನೊರೆಗಟ್ಟುತ್ತದೆ. ನಿಂತ ಗಾಡಿಯಲ್ಲಿ ನೀರು ಬೇರ್ಪಟ್ಟು ತಳಕ್ಕಿಳಿಯುತ್ತದೆ. ತಳದಲ್ಲಿ ಬೋಲ್ಟಿದ್ದರೆ ಮರುದಿನ ಬೆಳಿಗ್ಗೆ ಅದನ್ನಿಷ್ಟು ಸಡಿಲಿಸಿದಾಗ ಮೊದಲು ಬೀಳುವುದು ನೀರೇ. ಬೋಲ್ಟಿಲ್ಲದವನಿಗೆ ನೀರು ಹೊಕ್ಕಿದೆಯೆಂಬ ಸಂಗತಿಯೇ ತಿಳಿಯದು. ಬೇರಿಂಗು ತುಕ್ಕು ಹಿಡಿದು ಗುಂಯ್‌ಗುಟ್ಟತೊಡಗಿದ ಮೇಲೆ ತಿಳಿಯುತ್ತದೆ.

ಮಾಸ್ತರರು: ಇಷ್ಟೆಲ್ಲ ಪ್ರಯೋಜನವಿರುವ ರಂಧ್ರವನ್ನು ಕಾರ್ಖಾನೆಯ ಎಂಜಿನಿಯರರು ಏಕೆ ಬಿಟ್ಟರು? ಅವರು ದಡ್ಡರೆಂದು ನಾನು ಒಪ್ಪಲಾರೆ.

ಮಿಸ್ತ್ರಿ: ದಡ್ಡರಲ್ಲ, ಅವರ ಲೆಕ್ಕ ಬೇರೆ. ತಳದಲ್ಲಿ ಬೋಲ್ಟು ಬೇಕೆಂದರೆ ಅಲ್ಲಿ ಕಬ್ಬಿಣವನ್ನು ದಪ್ಪ ಮಾಡಬೇಕು, ಕೊರೆಯಬೇಕು, ಥ್ರೆಡ್ ಹಾಕಬೇಕು, ಬೋಲ್ಟು ವಾಷರುಗಳನ್ನು ಕೊಡಬೇಕು. ಒಂದು ಗಾಡಿಗೆ ನಾಲ್ಕು ಕಾಸಾದರೂ ಲಕ್ಷ ಗಾಡಿಗಳಿಗೆ ದೊಡ್ಡ ಮೊತ್ತ. ಸೋರುವುದಕ್ಕೊಂದು ಜಾಗ ಹೆಚ್ಚಾಯಿತೆಂಬ ಅಂಜಿಕೆ ಬೇರೆ. ಭಾರದ ಲಾರಿಗಳನ್ನು ಕಟ್ಟುವವರು ಬಹುತೇಕ ಅದನ್ನು ಕೊಟ್ಟೇ ಕೊಡುತ್ತಾರೆ. ಅವುಗಳ ಮಾಲಿಕರು ಲೆಕ್ಕಾಚಾರದವರೆಂದು ಅವರಿಗೆ ಗೊತ್ತು. ಇಂಥ ಚಿಕ್ಕ ಗಾಡಿಗಳನ್ನು ಕೊಳ್ಳುವ ಮೊದಲನೆಯ ಒಡೆಯನು ನಾಲ್ಕು ವರ್ಷ ನಡೆಸಿ ಮಾರಿಬಿಡುತ್ತಾನೆ. ಅಲ್ಲಿಯವರೆಗೆ ಮೊದಲು ತುಂಬಿದ ಎಣ್ಣೆಯೇ ಸಾಗಿಬಿಡುತ್ತದೆ. ಎರಡನೆಯವನು, ಮೂರನೆಯವನು, ಹರಾಜಿನಲ್ಲಿ ಹಿಡಿದ ನಿಮ್ಮ ಅಣ್ಣನವರು, ಇವರಾರೂ ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿಲ್ಲ. ಈ ಗಾಡಿಯನ್ನು ನೀವು ಇನ್ನೂ ಹತ್ತು ವರ್ಷ ನಡೆಸುವವರಾದ್ದರಿಂದ ಆ ಬೋಲ್ಟನ್ನು ನೀವೇ ಹಾಕಿಸಿಕೊಳ್ಳಬೇಕಾಗಿ ಬಂದಿದೆ.

ಮಾಸ್ತರರು: ಇದು ಕಾಯಿದೆಗೆ ವಿರುದ್ಧವಾದೀತೆ? ಗಾಡಿಯನ್ನು ಮನಬಂದಂತೆ ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿದೆಯಲ್ಲ.

ಮಿಸ್ತ್ರಿ: ನೋಂದಣಿ ಪುಸ್ತಕದಲ್ಲಿ ಬರೆದ ವಿವರಗಳು ಬದಲಾಗುವಂತೆ ಮಾಡಬಾರದೆಂದು ಅಲ್ಲಿರುವುದು. ಆ ಪುಸ್ತಕದಲ್ಲಿ ಎಣ್ಣೆಯ ಬೋಲ್ಟಿನ ಕಾಲಂ ನಾನು ಕಂಡಿಲ್ಲ. ಪಾಸಿಂಗಿಗೆ ಹೋದಾಗ ಇನ್ಸ್ಪೆಕ್ಟರರು ಕೆಳಗೆ ಬಗ್ಗಿ ಸೋರುತ್ತಿದೆಯೇ ಎಂದು ನೋಡಿಯಾರು. ಸೋರದಂತೆ ಮಾಡುವುದು ನನ್ನ ಹೊಣೆ.

ಮಾಸ್ತರರು: ಆಗಲಿ. ಕೊರೆಯುವುದೇ ಆದರೆ ಅಚ್ಚಿನ ಎರಕದ ಅತ್ಯಂತ ಕೆಳಗಿನ ಬಿಂದುವಿನಲ್ಲಿ ಕೊರೆಯಿರಿ. ಕೊನೆಯ ಹನಿಯೂ ಇಳಿದುಹೋಗಲಿ.

ಮಿಸ್ತ್ರಿ: ಅದೊಂದು ಮಾತ್ರ ಆಗದು. ಹೇರೆಲ್ಲ ಸ್ಪ್ರಿಂಗಿನ ಎರಡು ಪಾಟಾಗಳ ಮೇಲಿಂದ ಅಚ್ಚಿನ ಮೇಲೆ ಕುಳಿತಿದೆ, ಅಚ್ಚನ್ನು ಗಾಲಿಗಳು ಎರಡು ತುದಿಗಳಲ್ಲಿ ಎತ್ತಿ ಹಿಡಿದಿವೆ. ನಡುವೆ ಅದು ಕೆಳಗೆ ಬಾಗಲು ನೋಡುತ್ತದೆ. ಅಂಥ ಕಡೆ ತೂತು ಮಾಡಿದ ಅಚ್ಚು ಅಲ್ಲಿಂದಲೇ ಸೀಳು ಬಿಟ್ಟದ್ದನ್ನು ಕಂಡಿದ್ದೇನೆ.

ಮಾಸ್ತರರು: ನಿಲ್ಲಿ, ನಿಲ್ಲಿ, ನೀವು ಹೇಳುವುದು ಸರಿಯಾಗಿದೆ. ಬಾಗುವ ತೊಲೆಯ ಮೇಲ್ಮೈಯು ಒತ್ತಡಕ್ಕೂ ಕೆಳಮೈಯು ಎಳೆತಕ್ಕೂ ಸಿಕ್ಕುತ್ತದೆ. ಪಾಟಾಗಳ ನಡುವಣ ಭಾಗದಲ್ಲೆಲ್ಲ ಆ ಬಾಗಿಸುವ ಬಲವು ಒಂದೇ ಸಮನಾಗಿರುತ್ತದೆ. ಅಗಲವಾದ ತಗಡನ್ನು ಎಳೆದಾಗ ಅದರೊಳಗಿನ ದುಂಡು ರಂಧ್ರದ ಅಂಚಿನಲ್ಲಿ ಎಳೆತವು ಮೂರು ಪಟ್ಟಾಗುತ್ತದೆಂದು ಜರ್ಮನಿಯ ಕಿರ್ಷ್ ಎಂಬ ಪಂಡಿತನು 1898ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾನೆ. ರಂಧ್ರವು ಚಿಕ್ಕದೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಚಿಕ್ಕದಾದರೂ ಮೂರು ಪಟ್ಟೇ. ನಾನು ತೋರಿಸಿದುದು ಇರುವುದರಲ್ಲಿಯೇ ಕೆಟ್ಟ ಜಾಗ.

ಮಿಸ್ತ್ರಿ: ಕಾರ್ಖಾನೆಯವರು ತಳದಲ್ಲಿ ಕೊಡುವಾಗ ಸುತ್ತಲೂ ದಪ್ಪ ಮಾಡಿಯೇ ಕೊಡುತ್ತಾರೆ, ನಾವು ಬರಿಯ ಕೊರೆಯುವವರು. ಆದ್ದರಿಂದ ಹಿಂಬದಿಯ ಮುಚ್ಚಳವೇ ನಮಗೆ ಗತಿ. ಅದು ತಗಡಿನದು, ಎಣ್ಣೆಯನ್ನು ಹಿಡಿಯುವುದಷ್ಟೇ ಅದರ ಕೆಲಸ. ಅದರಲ್ಲಿಯೂ ತೀರ ತುದಿಯಂಚಿಗೆ ಹೋಗದೆ ಎರಡು ಬೆರಳು ಮೇಲಕ್ಕೆ, ಕಬ್ಬಿನ ಗದ್ದೆಯ ಬದುವಿನ ಕಲ್ಲು ತಾಗದಷ್ಟು ಮರೆಯಾಗಿ. ಬೋಲ್ಟಿನ ತಲೆ ಹೊರಕ್ಕೆ ಚಾಚದಂತೆ ಒಳಗುಳಿಯ, ಅಲೆನ್ ಕೀ ಹಾಕುವ ಮಾದರಿ ಲೇಸು.

ಮಾಸ್ತರರು: ಹಾಗಾದರೆ ಎರಡು ಬೆರಳಿನ ಎಣ್ಣೆ ಒಳಗೇ ಉಳಿಯಿತು. ಈಗತಾನೆ ಪಂಪಿನವನನ್ನು ದೂರಿದಿರಿ.

ಮಿಸ್ತ್ರಿ: ಮುಂದಿನ ಗಾಲಿಗಳನ್ನು ಹಲಗೆಯ ಮೇಲೆ ಹತ್ತಿಸಿ ಮೂತಿಯನ್ನು ಎತ್ತಿ ನಿಲ್ಲಿಸಿದರೆ ಎಣ್ಣೆಯೆಲ್ಲ ಹಿಂದಕ್ಕೆ, ಮುಚ್ಚಳದ ಕಡೆಗೆ ಸರಿಯುತ್ತದೆ. ಗಾಡಿ ಓಡಿಬಂದು ಎಣ್ಣೆ ಇನ್ನೂ ಬಿಸಿಯಾಗಿರುವಾಗಲೇ ಬಿಟ್ಟರೆ ಪುಡಿಯೂ ಅದರೊಡನೆ ತೇಲಿ ಬರುತ್ತದೆ. ಆಮೇಲೂ ಬಟ್ಟಲಷ್ಟು ಉಳಿದೀತು, ನಾನು ಇಲ್ಲವೆನ್ನುವುದಿಲ್ಲ.

ಮಾಸ್ತರರು: ಆ ಬಟ್ಟಲನ್ನು ಬಿಟ್ಟುಬಿಡೋಣ. ನನ್ನ ಮನಸ್ಸಿನಲ್ಲಿರುವ ನಿಜವಾದ ಆಕ್ಷೇಪಣೆಯನ್ನು ಈಗ ಹೇಳುತ್ತೇನೆ. ಮುಚ್ಚಳವನ್ನು ತೆಗೆಯುವುದು ಕಷ್ಟವೆಂದಿರಿ, ಒಪ್ಪಿದೆ. ಆದರೆ ಆ ಕಷ್ಟದ ಫಲವಾಗಿ, ಎಷ್ಟು ಅಪರೂಪವಾಗಿಯೇ ಆಗಲಿ, ಯಾರಾದರೊಬ್ಬರು ಹಲ್ಲುಗಳನ್ನು ಕಣ್ಣಾರೆ ಕಾಣುತ್ತಿದ್ದರು. ಯಾವ ಹಲ್ಲಿನ ತುದಿ ಮುಕ್ಕಾಗಿದೆ, ಸವೆತವು ಹಲ್ಲಿನ ನಡುವೆ ಬಿದ್ದಿದೆಯೋ ಒಂದು ತುದಿಗೆ ಸರಿದಿದೆಯೋ, ಬೇರಿಂಗು ಅಲುಗುತ್ತಿದೆಯೋ ಎಂದು ನೋಡುತ್ತಿದ್ದರು. ಬಟ್ಟೆ ಹಿಡಿದು ತಳವನ್ನು ಒರೆಸುತ್ತಿದ್ದರು. ನೀವು ಬೋಲ್ಟನ್ನು ಹಾಕಿದ ಮೇಲೆ ಎಣ್ಣೆಯೇನೋ ಕ್ರಮವಾಗಿ ಬದಲಾದೀತು. ಒಳಗಡೆ ಏನಾಗಿದೆಯೆಂದು ನೋಡುವ ಸಂದರ್ಭವು ಮಾತ್ರ ಈ ಲಾರಿಯ ಆಯುಷ್ಯದಲ್ಲಿ ಮತ್ತೆ ಬರುವುದಿಲ್ಲ. ಸೌಕರ್ಯವು ಶ್ರಮವನ್ನು ಕಳೆಯುವಾಗ ಶ್ರಮದ ಜೊತೆಗೆ ಬರುತ್ತಿದ್ದ ಜ್ಞಾನವನ್ನೂ ಕಳೆಯುವುದಾದರೆ, ಲಾಭವೆಷ್ಟು, ನಷ್ಟವೆಷ್ಟು ಎಂದು ಕೂಡಿ ಕಳೆದು ನೋಡಬೇಕಲ್ಲವೆ?

(ಇಲ್ಲಿ ಮಿಸ್ತ್ರಿಗಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ನನ್ನ ಅಭಿಪ್ರಾಯದಲ್ಲಿ ಮಾಸ್ತರರು ಆ ಹೊತ್ತು ಆಡಿದ ಮಾತುಗಳಲ್ಲೆಲ್ಲ ತೂಕದ್ದು ಇದೇ. ಗಾಲಿಯ ಗಣಿತವು ಅದರ ಮುಂದೆ ವಿನೋದ. ಲೇಖಕನಾದ ನಾನು ಒಂದು ಪಕ್ಷವನ್ನು ಹಿಡಿಯಬಾರದೆಂಬ ನಿಯಮವೇನೂ ಇಲ್ಲವಾದ ಕಾರಣ ಇದನ್ನು ಹೇಳಿದ್ದೇನೆ.)

ಮಿಸ್ತ್ರಿ: ಮಾಸ್ತರೇ, ಮುಚ್ಚಳವನ್ನು ಬಿಚ್ಚುತ್ತಿದ್ದರೆ ನೋಡುತ್ತಿದ್ದರು, ದಿಟ. ಬಿಚ್ಚಲೇ ಇಲ್ಲವಲ್ಲ! ಒಳಗನ್ನೂ ನೋಡಲಿಲ್ಲ, ಎಣ್ಣೆಯನ್ನೂ ತೆಗೆಯಲಿಲ್ಲ, ಎರಡೂ ಕೆಟ್ಟವು. ನಾನು ಬೋಲ್ಟನ್ನು ಹಾಕಿದರೆ ಒಂದಾದರೂ ಉಳಿಯುತ್ತದೆ. ಆದರೆ ನೀವು ಹೇಳಿದ್ದನ್ನು ತಳ್ಳಿಹಾಕುವಂತಿಲ್ಲ. ನೋಡುವ ಕೆಲಸಕ್ಕೆ ಪ್ರತಿಯಾಗಿ ಬೇರೊಂದನ್ನು ಕೊಡಲು ಬರುತ್ತದೆ. ಪೂರ್ತಿ ಅದೇ ಅಲ್ಲ, ಅರ್ಧ. ಬೋಲ್ಟಿನ ತುದಿಗೆ ಅಯಸ್ಕಾಂತವನ್ನು ಕೂರಿಸೋಣ. ಪ್ರತಿ ಸಲ ಬಿಚ್ಚಿದಾಗಲೂ ಅದು ಒಳಗಿನ ವರದಿಯನ್ನು ತರುತ್ತದೆ. ಬೂದುಬಣ್ಣದ ನುಣ್ಣನೆಯ ಕೆಸರು ಹತ್ತಿದ್ದರೆ ಚಿಂತೆಯಿಲ್ಲ. ಅದು ಹಲ್ಲುಗಳ ನಿತ್ಯದ ಸವೆತ. ಉಗುರಿಗೆ ಸಿಗುವಂಥ ಚೂರುಗಳು, ಹೊಳೆಯುವ ಚಕ್ಕೆಗಳು ಬಂದರೆ ಮಾತ್ರ, ಆ ದಿನ ಬಾಡಿಗೆ ಹೋದರೂ ಹೋಗಲಿ, ಮುಚ್ಚಳವನ್ನು ಬಿಚ್ಚಲೇಬೇಕು. ಕಂಚಿನ ವಾಷರು ಸವೆದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದಕ್ಕೆ ಹಳೆಯ ಎಣ್ಣೆಯನ್ನು ಬಿಳಿಯ ತಟ್ಟೆಯಲ್ಲಿ ಸುರಿದು ಬಿಸಿಲಿಗೆ ಹಿಡಿದು ನೋಡಬೇಕು.

ಮಾಸ್ತರರು: ಅರ್ಧವೆಂದು ನೀವೇ ಒಪ್ಪಿದಿರಿ, ಉಳಿದರ್ಧಕ್ಕೆ?

ಮಿಸ್ತ್ರಿ: ಮೂರು ಸಲ ಬೋಲ್ಟಿನಿಂದ ಎಣ್ಣೆ ಬಿಟ್ಟರೆ ನಾಲ್ಕನೆಯ ಸಲ ಮುಚ್ಚಳವನ್ನೇ ತೆಗೆಯುವುದು. ನಿಮ್ಮ ವಹಿಯಲ್ಲಿ ಬರೆದುಕೊಳ್ಳಿ. ಬರೆಯದಿದ್ದರೆ ನೀವು ಹೇಳಿದ್ದೇ ಆಗುತ್ತದೆ.

ಮಾಸ್ತರರು: ಬರೆಯುತ್ತೇನೆ. ಬೋಲ್ಟಿನ ವಿಷಯ: ನಮ್ಮ ಪೇಟೆಯ ನಳದ ಅಂಗಡಿಯಲ್ಲಿ ಅರ್ಧ ಇಂಚಿನ ಬೂಚು ಸಿಗುತ್ತದಲ್ಲ, ಅದು ಆಗದೇ?

ಮಿಸ್ತ್ರಿ: ಆ ಬೂಚಿನ ಥ್ರೆಡ್ಡು ಬ್ರಿಟಿಷ್ ಮಾದರಿಯದು, ಪರದೇಶದ ಪುಸ್ತಕಗಳಲ್ಲಿ ಇಂಥ ಕೆಲಸಕ್ಕೆ ಹೇಳುವುದು ಅಮೆರಿಕದ ಎನ್‌ಪಿಟಿ. ಅರ್ಧ ಇಂಚಿನಲ್ಲಿ ಎರಡಕ್ಕೂ ಇಂಚಿಗೆ 14 ಸುತ್ತುಗಳೇ. ಅದೇ ಮೋಸ. ಒಂದಕ್ಕೊಂದು ಹೊಕ್ಕು ಬಿಗಿಯಾದಂತೆಯೇ ತೋರುತ್ತವೆ, ವಾರದೊಳಗೆ ಜಿನುಗತೊಡಗುತ್ತವೆ.

ಮಾಸ್ತರರು: ಕೋನದ ವ್ಯತ್ಯಾಸ. ಇಂಗ್ಲೆಂಡಿನ ವಿಟ್‌ವರ್ಥನು 1841ರಲ್ಲಿ ಗೊತ್ತುಪಡಿಸಿದ ಸುತ್ತು 55 ಅಂಶದ್ದು, ಅಮೆರಿಕದವರದು 60.

ಮಿಸ್ತ್ರಿ: ಅದಕ್ಕೇ ನಾನು ಎರಡನ್ನೂ ಬಿಟ್ಟು, 22 ಮಿಲಿಮೀಟರಿನ ನೇರ ಥ್ರೆಡ್ಡಿನ ಬೋಲ್ಟು, ಕೆಳಗೊಂದು ತಾಮ್ರದ ವಾಷರು, ಇಷ್ಟನ್ನೇ ಹಾಕುತ್ತೇನೆ. ಎಂಜಿನ್ನಿನ ಬೋಲ್ಟುಗಳಿಗೂ ಇಂಥದೇ ಪದ್ಧತಿ. ತಾಮ್ರವು ಒತ್ತಿ ಒತ್ತಿ ಗಡುಸಾದಾಗ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ. ಮುಚ್ಚಳದ ತಗಡು ತೆಳುವಾದ್ದರಿಂದ ಥ್ರೆಡ್ಡು ಅದರಲ್ಲಿ ನಿಲ್ಲದು. ದಪ್ಪನೆಯ ಉಕ್ಕಿನ ಬುಷ್ಷೊಂದನ್ನು ಲೇತಿನಲ್ಲಿ ಕಡೆದು, ಥ್ರೆಡ್ ಹಾಕಿ, ಅದನ್ನು ಮುಚ್ಚಳಕ್ಕೆ ವೆಲ್ಡ್ ಮಾಡಬೇಕು. ನನ್ನ ಈ ಲೇತು ಹರಿಹರದ್ದು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿಯೇ ಎಷ್ಟೋ ವರ್ಷಗಳಾದವು, ಇದು ಇನ್ನೂ ಕೂದಲೆಳೆಯಷ್ಟೂ ತಪ್ಪುವುದಿಲ್ಲ.

ಮಾಸ್ತರರು: 1941ರಲ್ಲಿ ಅದು ಸ್ಥಾಪನೆಯಾಯಿತು. ಆ ಲೇತಿನ ತಳದಲ್ಲಿ ಎಣ್ಣೆ ಬಿಡುವ ಬೋಲ್ಟಿದೆಯೇ?

ಮಿಸ್ತ್ರಿ: ಇದೆ ಮಾಸ್ತರೇ. ಕೈಗೆ ನಿಲುಕುವಂತೆಯೇ ಇದೆ.

ಮಾಸ್ತರರು: ಸರಿ. ವೆಲ್ಡಿಂಗನ್ನು ಗಾಡಿಯ ಮೇಲೆಯೇ ಮಾಡುವಿರೋ?

ಮಿಸ್ತ್ರಿ: ಎಂದಿಗೂ ಇಲ್ಲ. ಅರ್ತಿನ ತಂತಿಯನ್ನು ಎಲ್ಲಿಯೋ ಕಚ್ಚಿಸಿ ಗಾಡಿಯ ಮೇಲೆಯೇ ವೆಲ್ಡ್ ಮಾಡಿದರೆ ವಿದ್ಯುತ್ತು ಬೇರಿಂಗಿನ ಗುಂಡುಗಳ ಮೂಲಕ ಹಾಯ್ದು, ಅವು ಕುಳಿತ ದಾರಿಯಲ್ಲಿ ಕಣ್ಣಿಗೆ ಕಾಣದ ಕುಳಿಗಳನ್ನು ಮಾಡುತ್ತದೆ. ಮುಚ್ಚಳವನ್ನು ಕಳಚಿ, ಡೀಸೆಲಿನಲ್ಲಿ ತೊಳೆದು, ಒರೆಸಿ, ದಪ್ಪನೆಯ ಸಮತಟ್ಟಾದ ಪಟ್ಟಿಯೊಂದಕ್ಕೆ ಬೋಲ್ಟುಗಳಿಂದ ಬಿಗಿದು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ವೆಲ್ಡ್ ಮಾಡಬೇಕು. ಇಲ್ಲದಿದ್ದರೆ ಶಾಖಕ್ಕೆ ತಗಡು ಸೊಟ್ಟಗಾಗಿ ಎಷ್ಟು ಪ್ಯಾಕಿಂಗ್ ಹಾಕಿದರೂ ಕೂರುವುದಿಲ್ಲ. ಕೊರೆದ ಚೂರು ಒಳಗೆ ಬೀಳುವ ಭಯವೂ ಇದರಿಂದ ತಪ್ಪುತ್ತದೆ. ಅದಕ್ಕೂ ಮುಂಚೆ ಮಾಡಬೇಕಾದುದೊಂದಿದೆ. ಬೋಲ್ಟಿನ ತುದಿ, ಅಯಸ್ಕಾಂತ ಸಹಿತವಾಗಿ, ಒಳಗೆ ಎಷ್ಟು ಚಾಚುವುದೋ ಅಷ್ಟೆತ್ತರದ ಜೇಡಿಮಣ್ಣಿನ ಮುದ್ದೆಯನ್ನು ಮುಚ್ಚಳದ ಒಳಮೈಗೆ ಅಂಟಿಸಿ, ಮುಚ್ಚಳವನ್ನಿಟ್ಟು, ಗಾಲಿಯನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಿ ತೆಗೆದು ನೋಡುವುದು. ಮಣ್ಣಿನ ಮೇಲೆ ಕ್ರೌನಿನ ಗೀರು ಬಿದ್ದಿದ್ದರೆ ಜಾಗ ಬದಲಾಯಿಸಬೇಕು. ಈ ಪರೀಕ್ಷೆಯನ್ನು ಮಾಡದೆ ಬೋಲ್ಟನ್ನು ಬಿಗಿದವನ ಗಾಡಿಯಲ್ಲಿ ಆಗುವ ಸದ್ದನ್ನು ನಾನು ವರ್ಣಿಸಲಾರೆ.

ಮಾಸ್ತರರು: ಮಣ್ಣು ನಮ್ಮ ಎರೆಹೊಲದ್ದೇ ಆದೀತೆ?

ಮಿಸ್ತ್ರಿ: ಬಹಳ ಚೆನ್ನಾಗಿ ಆದೀತು, ಅದರಷ್ಟು ಅಂಟುವ ಮಣ್ಣು ಇನ್ನೊಂದಿಲ್ಲ. ಅಂಟುವುದೇ ಅದರ ಪೀಡೆಯೂ ಹೌದು. ಅಚ್ಚಿನ ಮೇಲಿರುವ ಈ ಬ್ರೀದರನ್ನು ನೋಡಿ, ಮೆತ್ತಿಕೊಂಡು ಕಲ್ಲಾಗಿದೆ. ಎಣ್ಣೆ ಕಾದಾಗ ಉಬ್ಬುವ ಗಾಳಿಗೆ ಇಲ್ಲಿ ದಾರಿ ಸಿಗದೆ ಅದು ಸೀಲನ್ನು ದೂಡಿ, ಎಣ್ಣೆಯನ್ನು ಬ್ರೇಕಿನ ಡ್ರಮ್ಮಿಗೆ ಉಗುಳುತ್ತದೆ. ನಿಮ್ಮ ಡ್ರೈವರನು ಬ್ರೇಕು ಜಾರುತ್ತದೆಂದು ದೂರಿದ್ದು ಇದಕ್ಕೇ ಇರಬೇಕು. ಎಣ್ಣೆ ಆಗಾಗ ಕಡಿಮೆಯಾಗುತ್ತಿದ್ದುದಕ್ಕೂ ಇದೇ ಕಾರಣ. ಇದನ್ನು ಶುಚಿ ಮಾಡದೆ ಬೋಲ್ಟನ್ನಷ್ಟೇ ಹಾಕಿ ಕಳುಹಿಸಿದರೆ ನಾನು ಹಣ ತೆಗೆದುಕೊಳ್ಳುವ ಹಾಗಿಲ್ಲ.

ಮಾಸ್ತರರು: ಹಳೆಯ ಎಣ್ಣೆಯನ್ನು ಏನು ಮಾಡುವಿರಿ? ಗ್ಯಾರೇಜಿನ ಹಿಂದಿನ ಕಾಲುವೆಯು ಎಲೆತೋಟದ ಕಡೆಗೆ ಹರಿಯುತ್ತದೆ.

ಮಿಸ್ತ್ರಿ: ಆ ಕಾಲುವೆಗೆ ಒಂದು ಹನಿಯನ್ನೂ ಬಿಡುವುದಿಲ್ಲ. ಪೀಪಾಯಿಯಲ್ಲಿ ತುಂಬಿಟ್ಟಿರುತ್ತೇನೆ, ಹಳೆಯ ಎಣ್ಣೆಯನ್ನು ಕೊಳ್ಳುವವರು ಹುಬ್ಬಳ್ಳಿಯಿಂದ ಬಂದು ಒಯ್ಯುತ್ತಾರೆ. ನೀರು ಬೆರೆತದ್ದನ್ನು ಅವರು ಕೊಳ್ಳುವುದಿಲ್ಲವಾದ್ದರಿಂದ ಅದನ್ನು ಬೇರೆ ಇಡಬೇಕು. ಬೋಲ್ಟಿನಿಂದ ಬಿಟ್ಟ ಎಣ್ಣೆ ಒಂದೇ ಧಾರೆಯಾಗಿ ಡಬ್ಬಿಗೆ ಬೀಳುತ್ತದೆ. ಮುಚ್ಚಳವನ್ನು ಬಿಚ್ಚಿದಾಗ ಅರ್ಧ ನೆಲಕ್ಕೆ, ಅರ್ಧ ನನ್ನ ಅಂಗಿಗೆ.

ಮಾಸ್ತರರು: ಈ ಕಾರಣವನ್ನು ಮೊದಲೇ ಹೇಳಿದ್ದರೆ ಇಷ್ಟು ವಾದವೇ ಬೇಕಿರಲಿಲ್ಲ. ಈ ಹೊತ್ತೇ ಆರಂಭಿಸುವಿರಾ?

ಮಿಸ್ತ್ರಿ: ಮೊದಲು ಎಣ್ಣೆ ಹಾಕುವ ಮೇಲಿನ ಬೋಲ್ಟು ಬಿಚ್ಚುತ್ತದೋ ಇಲ್ಲವೋ ನೋಡೋಣ. ಇದನ್ನು ನಿಮ್ಮ ಡ್ರೈವರನಿಗೂ ಹೇಳಿಡಿ: ಮೇಲಿನದನ್ನು ಬಿಚ್ಚದೆ ಕೆಳಗಿನದನ್ನು ಮುಟ್ಟಬಾರದು. ಇದ್ದ ಎಣ್ಣೆಯನ್ನೆಲ್ಲ ಬಿಟ್ಟಾದ ಮೇಲೆ ಮೇಲಿನದು ತುಕ್ಕು ಹಿಡಿದು ಅಲುಗದೆ ಹೋದರೆ, ಹೊಸ ಎಣ್ಣೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ಗಾಡಿಯ ಸುತ್ತ ಪ್ರದಕ್ಷಿಣೆ ಬರಬೇಕಾಗುತ್ತದೆ. ಆ ಉದ್ದನೆಯ ಪಾನವನ್ನೂ ಸುತ್ತಿಗೆಯನ್ನೂ ಇತ್ತ ಕೊಡಿ. ಕಳೆದ ಮಳೆಗಾಲದಿಂದ ಇದನ್ನು ಯಾರೂ ಮುಟ್ಟಿದಂತಿಲ್ಲ.

ಮಾಸ್ತರರು: ಮುಟ್ಟಿಲ್ಲ. ನಾನು ಟಾರ್ಚು ಹಿಡಿಯುತ್ತೇನೆ, ನೀವು ಹೊಡೆಯಿರಿ.